ಇಟ್ಟರೆ ಹಾಡು, ಎತ್ತಿದರೆ ಮೌನ: ಹಳೆ ಕ್ಯಾಸೆಟ್ ಡಬ್ಬಿಗೆ ಹೊಸ ಪ್ಲೇಯರ್ ಕಟ್ಟುವ ಬಗೆ

ಅಟ್ಟದ ಮೇಲೋ ಬೀರುವಿನ ಕೆಳಗಿನ ಅರೆಯಲ್ಲೋ ಭಾವಗೀತೆ, ದಾಸರ ಪದ, ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಇನ್ನೂ ಇಟ್ಟುಕೊಂಡಿರುವವರಿಗಾಗಿ ಈ ಬರಹ. ಅದೇ ಹಾಡುಗಳು ಫೋನಿನಲ್ಲಿ ಸಿಗುತ್ತವೆ. ಸಿಗದೇ ಇರುವುದು ಡಬ್ಬಿಯನ್ನು ಆರಿಸಿ ಕೈಗೆತ್ತಿಕೊಳ್ಳುವ, ಬದಿ ನೋಡಿ ಹಾಕುವ, ಅದು ಮುಗಿದಾಗ ಎದ್ದು ಹೋಗಿ ತಿರುಗಿಸುವ ಕ್ರಮ. ಆ ಕ್ರಮವನ್ನು ಮರಳಿ ತರುವ ಮರದ ಪೆಟ್ಟಿಗೆಯೊಂದನ್ನು ಎರಡು ವಾರಾಂತ್ಯಗಳಲ್ಲಿ ಕಟ್ಟಬಹುದು. ಡಬ್ಬಿಯನ್ನು ಪೆಟ್ಟಿಗೆಯ ಮೇಲಿನ ಕುಳಿಯಲ್ಲಿಟ್ಟರೆ ಎ ಬದಿ ಹಾಡುತ್ತದೆ, ಮಗುಚಿಟ್ಟರೆ ಬಿ ಬದಿ, ಎತ್ತಿದರೆ ಮೌನ. ಹಾಡುವುದು ಟೇಪಲ್ಲ, ಅದರಿಂದ ಮೊದಲೇ ಮೆಮೊರಿ ಕಾರ್ಡಿಗೆ ತೆಗೆದಿಟ್ಟ ಪ್ರತಿ; ಯಾವುದನ್ನು ಹಾಡಬೇಕೆಂದು ಡಬ್ಬಿಗೆ ಅಂಟಿಸಿದ ಎನ್‌ಎಫ್‌ಸಿ ಸ್ಟಿಕ್ಕರ್ (ಮುಟ್ಟದೆ ಓದಬಹುದಾದ ಪುಟ್ಟ ಚಿಪ್) ಪೆಟ್ಟಿಗೆಯೊಳಗಿನ ರೀಡರಿಗೆ ತಿಳಿಸುತ್ತದೆ. ಪರದೆ ಇಲ್ಲ, ಇಂಟರ್ನೆಟ್ ಬೇಕಿಲ್ಲ.

ಬೆಸುಗೆ ಹಾಕಿ ಅಭ್ಯಾಸವಿದ್ದು, ಆರ್ಡುಯಿನೋದಲ್ಲಿ ಒಮ್ಮೆ ಎಲ್‌ಇಡಿ ಮಿನುಗಿಸಿದ್ದರೆ ಸಾಕು, ಉಳಿದದ್ದು ಮಾಡುತ್ತಾ ಬರುತ್ತದೆ.

ಮೊದಲು ನಡವಳಿಕೆ ತೀರ್ಮಾನಿಸಿ

ಸಾಮಾನು ಕೊಳ್ಳುವ ಮೊದಲೇ ಪೆಟ್ಟಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಇಂಥ ಯಂತ್ರಗಳು ಸಪ್ಪೆಯಾಗುವುದು ಸರ್ಕ್ಯೂಟ್ ಕೆಟ್ಟು ಅಲ್ಲ, ಸೌಲಭ್ಯ ಹೆಚ್ಚಾಗಿ. ಬ್ಲೂಟೂತ್, ಶಫಲ್, ರಿಮೋಟ್ ಎಂದು ಒಂದೊಂದೇ ಸೇರಿಸುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಇನ್ನೊಂದು ಫೋನು. ಇಲ್ಲಿ ಪಾಲಿಸುವ ನಿಯಮಗಳು ಐದು.

ಡಬ್ಬಿ ಇಟ್ಟ ಅರ್ಧ ಸೆಕೆಂಡಿನೊಳಗೆ ಧ್ವನಿ ಬರಬೇಕು. ಎತ್ತಿದಾಗ ನಿಲ್ಲಬೇಕು. ಅದೇ ಡಬ್ಬಿಯನ್ನು ಮತ್ತೆ ಇಟ್ಟರೆ ನಿಂತಲ್ಲಿಂದಲೇ ಮುಂದುವರಿಯಬೇಕು. ಒಂದು ಬದಿ ಮುಗಿದರೆ ಮೌನ; ತಾನಾಗಿ ಇನ್ನೊಂದು ಬದಿಗೆ ದಾಟಬಾರದು. ಧ್ವನಿ ಏರಿಳಿಸಲು ನಿಜವಾದ ತಿರುಗುಗುಂಡಿ ಇರಬೇಕು, ಅದರ ಸ್ಥಾನ ನೋಡಿದರೆ ಧ್ವನಿ ಎಷ್ಟಿದೆ ಎಂದು ತಿಳಿಯಬೇಕು.

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸದೆ ಸರಳ ಮೈಕ್ರೋಕಂಟ್ರೋಲರ್ ಆರಿಸಿದ್ದಕ್ಕೆ ಕಾರಣವೂ ಈ ಪಟ್ಟಿಯಲ್ಲೇ ಇದೆ. ಪೈ ಎಚ್ಚರಗೊಳ್ಳಲು ಹತ್ತಾರು ಸೆಕೆಂಡು ಬೇಕು, ಮತ್ತು ಸ್ವಿಚ್ಚನ್ನು ಏಕಾಏಕಿ ಆರಿಸಿದರೆ ಅದರ ಮೆಮೊರಿ ಕಾರ್ಡ್ ಕೆಡುವ ಭಯವಿದೆ. ಕರೆಂಟ್ ಹೋಗಿ ಬರುವ ಮನೆಗಳಿಗೆ ಅದು ತಕ್ಕದ್ದಲ್ಲ.

ಬೇಕಾದ ಸಾಮಾನು

- ಇಎಸ್‌ಪಿ32 ಡೆವ್‌ಕಿಟ್ (ಎಲ್ಲವನ್ನೂ ನಡೆಸುವ ಮೈಕ್ರೋಕಂಟ್ರೋಲರ್ ಬೋರ್ಡ್), 30 ಪಿನ್ನಿನದು: 1
- ಆರ್‌ಸಿ522 ರೀಡರ್ ಬೋರ್ಡ್ (ಸ್ಟಿಕ್ಕರ್ ಓದುವುದು): 1
- ಡಿಎಫ್‌ಪ್ಲೇಯರ್ ಮಿನಿ, ಕಾರ್ಡಿನಲ್ಲಿರುವ ಎಂಪಿ3 ಹಾಡಿಸುವ ಪುಟ್ಟ ಬೋರ್ಡ್: 1 (ಸಾಧ್ಯವಾದರೆ 2 ಕೊಳ್ಳಿ)
- ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್, ವಾಲ್ಯೂಮ್ ಗುಂಡಿ ಮತ್ತು ಅದರಲ್ಲೇ ಸ್ವಿಚ್ ಇರುವಂಥದು: 1
- 3 ಇಂಚಿನ ಫುಲ್‌ರೇಂಜ್ ಸ್ಪೀಕರ್, 4 ಓಮ್, 3 ವ್ಯಾಟ್ ಅಥವಾ ಹೆಚ್ಚು: 2
- ಎನ್‌ಟ್ಯಾಗ್213 ಎನ್‌ಎಫ್‌ಸಿ ಸ್ಟಿಕ್ಕರ್, 25 ಮಿ.ಮೀ. ವ್ಯಾಸದ್ದು: ಪ್ರತಿ ಕ್ಯಾಸೆಟ್‌ಗೆ 2
- ಮೈಕ್ರೋ ಎಸ್‌ಡಿ ಕಾರ್ಡ್, 8 ಜಿಬಿ: 1
- 1 ಕಿಲೋಓಮ್ ರೆಸಿಸ್ಟರ್: 1
- 1000 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್: 1, 0.1 ಮೈಕ್ರೋಫ್ಯಾರಡ್ ಸೆರಾಮಿಕ್: 2
- ಒತ್ತುಗುಂಡಿ: 2
- 5 ವೋಲ್ಟ್, 2 ಆಂಪ್ ಅಡಾಪ್ಟರ್ ಮತ್ತು ಅದಕ್ಕೆ ಹೊಂದುವ ಸಾಕೆಟ್
- ಜಾಲರಿ ಹೊದಿಕೆಯ ಆಡಿಯೋ ವೈರ್ ಅರ್ಧ ಮೀಟರ್, ಮಾಮೂಲಿ ವೈರ್, ಪರ್ಫ್‌ಬೋರ್ಡ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು. ಕೊಳ್ಳುವಾಗ ಮೂರು ಎಚ್ಚರಿಕೆ. ಸ್ಟಿಕ್ಕರ್ 13.56 ಮೆಗಾಹರ್ಟ್ಸ್‌ನ ಎನ್‌ಟ್ಯಾಗ್213 ಎಂದೇ ಕೇಳಿ. ಹಾಜರಾತಿ ಯಂತ್ರಗಳಿಗೆ ಬಳಸುವ 125 ಕಿಲೋಹರ್ಟ್ಸ್ ಬಿಲ್ಲೆಗಳನ್ನು ಈ ರೀಡರ್ ಓದುವುದೇ ಇಲ್ಲ. ಇಎಸ್‌ಪಿ32ರಲ್ಲಿ ರೋವರ್ (WROVER) ಮಾದರಿ ಬೇಡ, ರೂಮ್ (WROOM) ಮಾದರಿ ಇರಲಿ. ರೋವರ್‌ನಲ್ಲಿ ನಮಗೆ ಬೇಕಾದ 16 ಮತ್ತು 17ನೇ ಪಿನ್ನುಗಳನ್ನು ಒಳಗಿನ ಮೆಮೊರಿಯೇ ಬಳಸಿಕೊಂಡಿರುತ್ತದೆ. ಡಿಎಫ್‌ಪ್ಲೇಯರ್‌ನ ನಕಲುಗಳು ಮಾರುಕಟ್ಟೆಯಲ್ಲಿ ಬಹಳ, ಒಂದೊಂದರ ಚಾಳಿ ಒಂದೊಂದು ಥರ. ಎರಡು ಕೊಳ್ಳಿ ಎಂದದ್ದು ಅದಕ್ಕೇ.

ಹಂತ 1: ಕ್ಯಾಸೆಟ್‌ನಿಂದ ಫೈಲ್‌ಗೆ

ಪೆಟ್ಟಿಗೆ ಚೆನ್ನಾಗಿ ಹಾಡುವುದೋ ಇಲ್ಲವೋ ಎಂಬುದು ಈ ಹಂತದಲ್ಲೇ ಬಹುಪಾಲು ತೀರ್ಮಾನವಾಗುತ್ತದೆ. ಅವಸರ ಬೇಡ.

ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪನ್ನು ನೇರ ಪ್ಲೇ ಮಾಡಬೇಡಿ. ಸುರುಳಿಯ ಪದರಗಳು ಒಂದಕ್ಕೊಂದು ಬಿಗಿದಿರುತ್ತವೆ. ಮೊದಲು ಪೆನ್ಸಿಲ್ ತೂರಿಸಿ ಕೈಯಿಂದ ಕೆಲವು ಸುತ್ತು ತಿರುಗಿಸಿ, ಸಲೀಸಾಗಿ ತಿರುಗುತ್ತದೆಯೇ ನೋಡಿ. ಆಮೇಲೆ ಪ್ಲೇಯರ್‌ನಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಟೇಪ್ ಕಾಣುವ ಕಿಂಡಿಯ ನಡುವೆ ಸಣ್ಣ ಫೆಲ್ಟ್ ಮೆತ್ತೆಯೊಂದಿರುತ್ತದೆ, ಟೇಪನ್ನು ಹೆಡ್‌ಗೆ ಒತ್ತುವುದು ಅದೇ. ಹಳೆ ಕ್ಯಾಸೆಟ್‌ಗಳಲ್ಲಿ ಅಂಟು ಒಣಗಿ ಅದು ಉದುರಿಹೋಗುತ್ತದೆ; ಆಗ ಧ್ವನಿ ಮಂಕಾಗಿ ಬಂದು ಬಂದು ಹೋಗುತ್ತದೆ. ಬೇಡವಾದ ಇನ್ನೊಂದು ಕ್ಯಾಸೆಟ್‌ನ ಮೆತ್ತೆಯನ್ನು ಕಿತ್ತು, ಅಂಟು ಟೇಪಿಗೆ ತಾಗದಂತೆ ಕೂರಿಸಿ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಕಂದು ಬಣ್ಣ ಬರುವುದು ನಿಲ್ಲುವ ತನಕ. ರಬ್ಬರ್ ಉರುಳೆಗೆ ಆಲ್ಕೋಹಾಲ್ ಬೇಡ, ಅದು ರಬ್ಬರನ್ನು ಒಣಗಿಸುತ್ತದೆ. ಒದ್ದೆ ಬಟ್ಟೆ ಸಾಕು.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಹೆಡ್ಡಿನ ಓರೆಯನ್ನು ನಿಯಂತ್ರಿಸುತ್ತದೆ. ರೆಕಾರ್ಡ್ ಮಾಡಿದ ಯಂತ್ರದ ಓರೆಗೂ ನಿಮ್ಮ ಯಂತ್ರದ ಓರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಾಳ, ಗೆಜ್ಜೆ, ‘ಸ’ಕಾರಗಳ ಹೊಳಪು ಹೋಗುತ್ತದೆ. ಕ್ಯಾಸೆಟ್ ಹಾಡುತ್ತಿರುವಾಗ ಆ ಸ್ಕ್ರೂವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಅತ್ತ ಇತ್ತ ಕಾಲು ಸುತ್ತಿನೊಳಗೆ ತಿರುಗಿಸಿ, ಧ್ವನಿ ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಿ. ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳಿದರೆ ವ್ಯತ್ಯಾಸ ಸುಲಭವಾಗಿ ಗೊತ್ತಾಗುತ್ತದೆ. ಪ್ರತಿ ಕ್ಯಾಸೆಟ್‌ಗೂ ಇದನ್ನು ಮತ್ತೆ ನೋಡಬೇಕು.

ಪ್ಲೇಯರ್‌ನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಜೋಡಿಸಿ, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ 44.1 ಕಿಲೋಹರ್ಟ್ಸ್, ಸ್ಟೀರಿಯೋ ಎಂದು ಇಟ್ಟು ರೆಕಾರ್ಡ್ ಮಾಡಿ. ಲ್ಯಾಪ್‌ಟಾಪಿನ ಮೈಕ್ ತೂತು ಬೇಡ, ಅದು ಬಹುತೇಕ ಮೋನೋ, ಮತ್ತು ಅದರಲ್ಲಿ ಧ್ವನಿ ಬೇಗ ಒಡೆಯುತ್ತದೆ. ಲೈನ್ ಇನ್ ಇಲ್ಲದಿದ್ದರೆ ಸಣ್ಣ ಯುಎಸ್‌ಬಿ ಆಡಿಯೋ ಸಾಧನ ಸಾಕು. ಹಾಡಿನ ಅತಿ ಜೋರಿನ ಭಾಗ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸೊಯ್ ಎನ್ನುವ ಟೇಪಿನ ಶಬ್ದ ತೆಗೆಯುವ ಆಸೆ ಬಂದರೆ 6ರಿಂದ 9 ಡೆಸಿಬೆಲ್‌ಗೆ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಕಡಿದರೆ ತಂಬೂರಿಯ ನಾದ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಸ್ವಲ್ಪ ಸೊಯ್ ಎಂದರೆ ಎನ್ನಲಿ.

ಹಾಡುಗಳನ್ನು ಬಿಡಿಸಿ ಪ್ರತಿಯೊಂದನ್ನೂ 192 ಕೆಬಿಪಿಎಸ್ ಸ್ಥಿರ ದರದ ಎಂಪಿ3 ಆಗಿ ಉಳಿಸಿ. 60 ನಿಮಿಷದ ಕ್ಯಾಸೆಟ್‌ನ ಒಂದು ಬದಿ ಸುಮಾರು 43 ಎಂಬಿ ಆಗುತ್ತದೆ. ತಾಳಮದ್ದಳೆ, ಹರಿಕಥೆಗಳಲ್ಲಿ ಮಾತು ಹಾಡು ಹೆಣೆದುಕೊಂಡಿರುವುದರಿಂದ ಬಿಡಿಸಬೇಡಿ, ಇಡೀ ಬದಿ ಒಂದೇ ಫೈಲ್ ಆಗಿರಲಿ. ಈ ಪ್ರತಿಗಳು ನಿಮ್ಮ ಮನೆಯ ಬಳಕೆಗೆ ಮಾತ್ರ.

ಹಂತ 2: ಎಸ್‌ಡಿ ಕಾರ್ಡ್

ಕಾರ್ಡನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. 32 ಜಿಬಿಗಿಂತ ದೊಡ್ಡ ಕಾರ್ಡ್ ಡಿಎಫ್‌ಪ್ಲೇಯರ್‌ಗೆ ಆಗದು. ಒಂದು ಬದಿಗೆ ಒಂದು ಫೋಲ್ಡರ್: 01, 02, 03 ಎಂದು ಎರಡಂಕಿಯ ಹೆಸರು. ಮೊದಲ ಕ್ಯಾಸೆಟ್‌ನ ಎ ಬದಿ 01, ಬಿ ಬದಿ 02; ಎರಡನೆಯದಕ್ಕೆ 03 ಮತ್ತು 04. ಒಳಗೆ ಫೈಲ್‌ಗಳು 001, 002 ಎಂದು ಮೂರಂಕಿಯಲ್ಲಿ. ಫೋಲ್ಡರ್ 99ಕ್ಕೆ ಮುಗಿಯುವುದರಿಂದ ಒಂದು ಕಾರ್ಡಿಗೆ 49 ಕ್ಯಾಸೆಟ್ ಮಿತಿ. 30 ನಿಮಿಷದ ಬದಿಗಳಾದರೆ ಅಷ್ಟೂ ಸೇರಿ ನಾಲ್ಕೂಕಾಲು ಜಿಬಿ ಆಸುಪಾಸು, 8 ಜಿಬಿ ಕಾರ್ಡಿನಲ್ಲಿ ಹಾಯಾಗಿ ಹಿಡಿಸುತ್ತದೆ.

ಮ್ಯಾಕ್ ಕಂಪ್ಯೂಟರಿನಿಂದ ನಕಲು ಮಾಡುವವರು ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು ಅಳಿಸಲೇಬೇಕು. ಡಿಎಫ್‌ಪ್ಲೇಯರ್ ಅವನ್ನೂ ಹಾಡೆಂದೇ ಎಣಿಸಿ ಲೆಕ್ಕ ತಪ್ಪಿಸುತ್ತದೆ. ಫೈಲಿನೊಳಗೆ ಆಲ್ಬಂ ಚಿತ್ರ ಸೇರಿಸಿದ್ದರೆ ಅದನ್ನೂ ತೆಗೆಯಿರಿ. ಚಿತ್ರವಿರುವ ದೊಡ್ಡ ಮಾಹಿತಿ ಭಾಗ ದಾಟಿ ಹಾಡು ಹುಡುಕುವಷ್ಟರಲ್ಲಿ ಶುರುವಾಗುವುದು ತಡವಾಗುತ್ತದೆ.

ಹಂತ 3: ಸ್ಟಿಕ್ಕರ್ ಅಂಟಿಸುವ ಜಾಗ

ಎರಡು ಬದಿಗೆ ಎರಡು ಸ್ಟಿಕ್ಕರ್. ಡಬ್ಬಿಯ ದಪ್ಪ ಕೇವಲ 17 ಮಿ.ಮೀ., ರೀಡರ್ 2–3 ಸೆಂಟಿಮೀಟರ್ ತನಕ ಓದುತ್ತದೆ. ಎರಡನ್ನೂ ನಡುಮಧ್ಯದಲ್ಲಿ ಅಂಟಿಸಿದರೆ ಎರಡೂ ಒಟ್ಟಿಗೆ ಉತ್ತರಿಸಿ ಒಮ್ಮೆ ಎ, ಒಮ್ಮೆ ಬಿ ಹಾಡುತ್ತದೆ. ಪರಿಹಾರ ಸರಳ: ಸ್ಟಿಕ್ಕರ್‌ಗಳನ್ನು ಡಬ್ಬಿಯ ಎರಡು ತುದಿಗಳಿಗೆ ಸರಿಸಿ, ರೀಡರನ್ನು ಕುಳಿಯ ಎಡತುದಿಯ ಕೆಳಗೆ ಮಾತ್ರ ಇಡಿ.

ನೆನಪಿಡಲು ಒಂದೇ ನಿಯಮ. ಹೆಸರು ಬರೆದಿರುವ ಉದ್ದ ಬೆನ್ನು ನಿಮ್ಮ ಕಡೆ ಇರುವಂತೆ ಡಬ್ಬಿ ಹಿಡಿಯಿರಿ. ಯಾವ ಮುಖವನ್ನು ನೋಡುತ್ತಿದ್ದರೂ ಆ ಮುಖದ ಬಲತುದಿಯಲ್ಲಿ ಸ್ಟಿಕ್ಕರ್ ಬರಬೇಕು, ಅಂಚಿನಿಂದ ಅದರ ನಡುಬಿಂದುವಿಗೆ 18 ಮಿ.ಮೀ. ಮುಂದಿನ ಮುಖದ ಸ್ಟಿಕ್ಕರ್ ಬಿ ಬದಿಯದು, ಹಿಂದಿನ ಮುಖದ್ದು ಎ ಬದಿಯದು. ಇದು ತಿರುವುಮುರುವು ಎನಿಸಬಹುದು. ಆದರೆ ಮುಂಭಾಗ ಮೇಲಾಗಿ ಇಟ್ಟಾಗ ರೀಡರಿಗೆ ತಾಗಿಕೊಳ್ಳುವುದು ಹಿಂಭಾಗ. ಪುಟ ತಿರುವಿದಂತೆ ಮಗುಚಿದಾಗ ಮುಂಭಾಗದ ಸ್ಟಿಕ್ಕರ್ ಕೆಳಗೆ, ಎಡಕ್ಕೆ ಬರುತ್ತದೆ. 109 ಮಿ.ಮೀ. ಉದ್ದದ ಡಬ್ಬಿಯಲ್ಲಿ ಎರಡರ ನಡುವೆ 73 ಮಿ.ಮೀ. ಅಂತರ ಸಿಗುತ್ತದೆ, ಗೊಂದಲಕ್ಕೆ ಎಡೆಯಿಲ್ಲ.

ಮುಂಭಾಗದ್ದನ್ನು ಚಿತ್ರವಿರುವ ಕಾಗದದ ಒಳಮೈಗೆ, ಹಿಂಭಾಗದ್ದನ್ನು ಡಬ್ಬಿಯ ಒಳಗೋಡೆಗೆ ಅಂಟಿಸಿ. ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಯಾಸೆಟ್ ಒಳಗೇ ಇರಲಿ, ಆ ತೂಕ ಕೈಗೆ ಗೊತ್ತಾಗಬೇಕು. ಕ್ಯಾಸೆಟ್‌ನೊಳಗೆ ಮೆತ್ತೆಯ ಹಿಂದಿನ ಲೋಹದ ಪಟ್ಟಿ ಇರುವುದು ಒಂದು ಅಂಚಿನ ನಡುವೆ, ನಮ್ಮ ಸ್ಟಿಕ್ಕರ್‌ಗಳು ತುದಿಯಲ್ಲಿ, ತೊಂದರೆಯಾಗುವುದಿಲ್ಲ. ಆದರೂ ಅಂಟಿಸುವ ಮೊದಲು ಸೆಲ್ಲೋಟೇಪಿನಿಂದ ಹಿಡಿಸಿ ಪರೀಕ್ಷಿಸಿ. ಒಮ್ಮೆ ಅಂಟಿಸಿ ಕಿತ್ತರೆ ಸ್ಟಿಕ್ಕರಿನ ತೆಳು ಸುರುಳಿ ಹರಿದುಹೋಗುತ್ತದೆ.

ಹಂತ 4: ಜೋಡಣೆ

ಆರ್‌ಸಿ522 ಪೂರ್ತಿ 3.3 ವೋಲ್ಟಿನ ಬೋರ್ಡ್. 5 ವೋಲ್ಟ್ ಕೊಟ್ಟರೆ ಸುಡುತ್ತದೆ. ಇಎಸ್‌ಪಿ32 ಕೂಡ 3.3 ವೋಲ್ಟಿನದೇ ಆದ್ದರಿಂದ ನೇರ ಜೋಡಿಸಬಹುದು.

ಆರ್‌ಸಿ522ರಿಂದ ಇಎಸ್‌ಪಿ32ಗೆ:
- 3.3 ವಿ → 3ವಿ3
- ಜಿಎನ್‌ಡಿ → ಜಿಎನ್‌ಡಿ
- ಎಸ್‌ಡಿಎ ಎಂದು ಬರೆದದ್ದು → 5
- ಎಸ್‌ಸಿಕೆ → 18
- ಎಂಐಎಸ್‌ಒ → 19
- ಎಂಒಎಸ್‌ಐ → 23
- ಆರ್‌ಎಸ್‌ಟಿ → 27
- ಐಆರ್‌ಕ್ಯೂ ಖಾಲಿ

ಡಿಎಫ್‌ಪ್ಲೇಯರ್:
- ವಿಸಿಸಿ → ಅಡಾಪ್ಟರಿನ 5 ವೋಲ್ಟ್
- ಜಿಎನ್‌ಡಿ → ಸಾಮಾನ್ಯ ಗ್ರೌಂಡ್
- ಆರ್‌ಎಕ್ಸ್ → 1 ಕಿಲೋಓಮ್ ಮೂಲಕ ಇಎಸ್‌ಪಿ32ರ 17
- ಟಿಎಕ್ಸ್ → 16
- ಬ್ಯುಸಿ → 4
- ಡಿಎಸಿ ಎಲ್, ಡಿಎಸಿ ಆರ್ → ಪಿಎಎಂ8403ರ ಎಡ, ಬಲ ಇನ್‌ಪುಟ್
- ಸ್ಪೀಕರ್ ಪಿನ್ನುಗಳು ಖಾಲಿ

ಒತ್ತುಗುಂಡಿಗಳು 32 ಮತ್ತು 33ರಿಂದ ಗ್ರೌಂಡಿಗೆ. ಒಳಗಿನ ಪುಲ್‌ಅಪ್ (ಗುಂಡಿ ಒತ್ತದಿರುವಾಗ ಪಿನ್ನನ್ನು 3.3 ವೋಲ್ಟಿನಲ್ಲಿ ಹಿಡಿದಿಡುವ ರೆಸಿಸ್ಟರ್) ಬಳಸಿ. 34ರಿಂದ 39ರ ಪಿನ್ನುಗಳಲ್ಲಿ ಪುಲ್‌ಅಪ್ ಇಲ್ಲ, ಅಲ್ಲಿ ಗುಂಡಿ ಹಾಕಿದರೆ ತಾನಾಗಿ ಒತ್ತಿದಂತೆ ನಡೆದುಕೊಳ್ಳುತ್ತದೆ. ಇಎಸ್‌ಪಿ32ರ ವಿನ್ ಪಿನ್ನಿಗೆ 5 ವೋಲ್ಟ್. ಪ್ರೋಗ್ರಾಂ ತುಂಬಿಸಲು ಲ್ಯಾಪ್‌ಟಾಪಿಗೆ ಜೋಡಿಸುವಾಗ ಅಡಾಪ್ಟರ್ ಕಳಚಿಡಿ.

1000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಆಂಪ್ಲಿಫೈಯರಿನ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ, ಬೋರ್ಡಿಗೆ ತಾಗಿದಂತೆ ಹಾಕಿ. ಧನ–ಋಣ ತಪ್ಪಿದರೆ ಅದು ಸಿಡಿಯುತ್ತದೆ. ಬಿಳಿ ಪಟ್ಟಿಯ ಕಾಲು ಗ್ರೌಂಡಿಗೆ. ಸೆರಾಮಿಕ್‌ಗಳಲ್ಲಿ ಒಂದು ರೀಡರಿನ ಬಳಿ, ಒಂದು ಡಿಎಫ್‌ಪ್ಲೇಯರಿನ ಬಳಿ.

ಪಿಎಎಂ8403ರ ಸ್ಪೀಕರ್ ಔಟ್‌ಪುಟ್‌ನ ಎರಡೂ ತಂತಿಗಳಲ್ಲಿ ಸಿಗ್ನಲ್ ಇರುತ್ತದೆ. ಎರಡು ಸ್ಪೀಕರುಗಳ ಮೈನಸ್ಸನ್ನು ಒಟ್ಟು ಸೇರಿಸುವುದು, ಗ್ರೌಂಡಿಗೆ ಕೊಡುವುದು ಸಲ್ಲದು, ಚಿಪ್ ಹೋಗುತ್ತದೆ. ಗ್ರೌಂಡುಗಳೆಲ್ಲ ಅಡಾಪ್ಟರ್ ಸಾಕೆಟ್ಟಿನ ಬಳಿ ಒಂದೇ ಬಿಂದುವಿನಲ್ಲಿ ಸೇರಲಿ. ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಎಳೆದರೆ ಹಿನ್ನೆಲೆಯಲ್ಲಿ ಗುಂಯ್ ಶುರುವಾಗುತ್ತದೆ. ಡಿಎಸಿ ತಂತಿಗಳಿಗೆ ಜಾಲರಿ ವೈರ್ ಬಳಸಿ, ಜಾಲರಿಯನ್ನು ಡಿಎಫ್‌ಪ್ಲೇಯರ್ ಕಡೆ ಮಾತ್ರ ಗ್ರೌಂಡಿಗೆ ಬೆಸೆಯಿರಿ.

ಪೆಟ್ಟಿಗೆಗೆ ಕೂರಿಸುವ ಮೊದಲು ಎಲ್ಲವನ್ನೂ ಮೇಜಿನ ಮೇಲೆ ಒಂದು ದಿನ ಓಡಿಸಿ.

ಹಂತ 5: ಪ್ರೋಗ್ರಾಂ

ಆರ್ಡುಯಿನೋ ಐಡಿಇಯಲ್ಲಿ ಇಎಸ್‌ಪಿ32 ಬೋರ್ಡ್ ಪ್ಯಾಕೇಜ್, ಎಂಎಫ್‌ಆರ್‌ಸಿ522 ಲೈಬ್ರರಿ, ಡಿಎಫ್‌ರೋಬೋಟ್‌ನ ಡಿಎಫ್‌ಪ್ಲೇಯರ್ ಮಿನಿ ಲೈಬ್ರರಿ ಹಾಕಿಕೊಳ್ಳಿ. ಹಾಡು ಎಲ್ಲಿ ನಿಂತಿತ್ತೆಂಬ ನೆನಪಿಗೆ ಬೇಕಾದ ಪ್ರಿಫರೆನ್ಸಸ್ ಲೈಬ್ರರಿ ಬೋರ್ಡ್ ಪ್ಯಾಕೇಜ್ ಜೊತೆಗೇ ಬರುತ್ತದೆ. ಮೊದಲು ಎರಡೂ ಲೈಬ್ರರಿಗಳ ಉದಾಹರಣೆ ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿ ಓಡಿಸಿ. ಎರಡೂ ಗೆದ್ದ ಮೇಲೆಯೇ ಸೇರಿಸಿ.

ಪ್ರೋಗ್ರಾಂ ಎರಡು ಬೇಕು. ಒಂದು ಸ್ಟಿಕ್ಕರಿಗೆ ಬರೆಯುವುದಕ್ಕೆ, ಇನ್ನೊಂದು ಹಾಡಿಸುವುದಕ್ಕೆ.

ಯಾವ ಡಬ್ಬಿಗೆ ಯಾವ ಫೋಲ್ಡರ್ ಎಂಬ ಪಟ್ಟಿಯನ್ನು ಇಎಸ್‌ಪಿ32ರಲ್ಲಿ ಇಡುವುದಕ್ಕಿಂತ ಸ್ಟಿಕ್ಕರಿನಲ್ಲೇ ಬರೆಯುವುದು ಮೇಲು. ನಾಳೆ ಬೋರ್ಡ್ ಸುಟ್ಟುಹೋದರೂ ಡಬ್ಬಿ ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ. ಎನ್‌ಟ್ಯಾಗ್213ರಲ್ಲಿ ನಮ್ಮ ಬಳಕೆಗೆ 144 ಬೈಟ್ ಇದೆ, 4ನೇ ಪುಟದಿಂದ ಶುರು, ಪುಟಕ್ಕೆ 4 ಬೈಟ್. ಆ ಒಂದೇ ಪುಟ ಸಾಕು: ಮೊದಲ ಬೈಟ್ ನಿಮ್ಮದೇ ಗುರುತಿನ ಅಂಕಿ (75 ಎಂದಿಟ್ಟುಕೊಳ್ಳಿ), ಎರಡನೆಯದು ಫೋಲ್ಡರ್ ಸಂಖ್ಯೆ, ಮೂರನೆಯದು ಅದರಲ್ಲಿರುವ ಹಾಡುಗಳ ಸಂಖ್ಯೆ, ನಾಲ್ಕನೆಯದು ಸೊನ್ನೆ. ಹಾಡುಗಳ ಸಂಖ್ಯೆಯನ್ನು ಡಿಎಫ್‌ಪ್ಲೇಯರನ್ನೇ ಕೇಳುವ ಸೌಲಭ್ಯ ಇದೆಯಾದರೂ ನಕಲು ಚಿಪ್ಪುಗಳು ತಪ್ಪು ಉತ್ತರ ಕೊಡುತ್ತವೆ. ಬರೆಯಲು ಅಲ್ಟ್ರಾಲೈಟ್ ರೈಟ್ ಆದೇಶ ಬಳಸಿ. ಓದುವಾಗ ರೀಡರ್ ಒಮ್ಮೆಗೆ 16 ಬೈಟ್ ಮತ್ತು ಪರೀಕ್ಷೆಯ 2 ಬೈಟ್ ಕೊಡುತ್ತದೆ. ನಿಮ್ಮ ಬಫರ್ 18 ಬೈಟ್ ಇರದಿದ್ದರೆ ಓದು ವಿಫಲವಾಗುತ್ತದೆ. ಬಹಳ ಮಂದಿ ಸಿಕ್ಕಿಬೀಳುವ ಜಾಗ ಇದು.

ಹಾಡಿಸುವ ಪ್ರೋಗ್ರಾಂ ಹೀಗೆ ನಡೆಯಲಿ:

1. ಕರೆಂಟ್ ಬಂದ ಮೇಲೆ 2 ಸೆಕೆಂಡ್ ಕಾಯಿರಿ, ಡಿಎಫ್‌ಪ್ಲೇಯರ್ ಕಾರ್ಡ್ ಓದಿಕೊಳ್ಳಲಿ. ಆಮೇಲೆ 9600 ವೇಗದಲ್ಲಿ ಮಾತು ಶುರು. ಧ್ವನಿಮಟ್ಟ 30ರಲ್ಲಿ 22ಕ್ಕೆ ಸ್ಥಿರ, ಏರಿಳಿತವೆಲ್ಲ ತಿರುಗುಗುಂಡಿಯದು.
2. ಪ್ರತಿ 250 ಮಿಲಿಸೆಕೆಂಡಿಗೆ ಕುಳಿಯಲ್ಲಿ ಸ್ಟಿಕ್ಕರ್ ಇದೆಯೇ ನೋಡಿ.
3. ಹೊಸದಾಗಿ ಕಂಡರೆ 4ನೇ ಪುಟ ಓದಿ. ಈಗಷ್ಟೇ ಎತ್ತಿದ ಡಬ್ಬಿಯ ಅದೇ ಬದಿಯಾದರೆ ಮುಂದುವರಿಸು ಎಂಬ ಆದೇಶ. ಬೇರೆಯಾದರೆ ಆ ಬದಿಯಲ್ಲಿ ಕಳೆದ ಸಲ ನಿಂತಿದ್ದ ಹಾಡಿನ ಮೊದಲಿನಿಂದ.
4. ಸತತ 3 ಸಲ ಕಾಣದಿದ್ದರೆ ಮಾತ್ರ ಎತ್ತಲಾಗಿದೆ ಎಂದು ತಿಳಿದು ನಿಲ್ಲಿಸಿ. ಹಾಡಿನ ಸಂಖ್ಯೆಯನ್ನು ಪ್ರಿಫರೆನ್ಸಸ್‌ನಲ್ಲಿ ಬರೆದಿಡಿ.
5. ಬ್ಯುಸಿ ಪಿನ್ನಿನ ವೋಲ್ಟೇಜ್ ಹಾಡುವಾಗ ಕೆಳಗಿರುತ್ತದೆ; ಅದು ಮೇಲಕ್ಕೆ ಹೋದರೆ ಹಾಡು ಮುಗಿಯಿತು, ಮುಂದಿನದಕ್ಕೆ ಹೋಗಿ. ಕೊನೆಯದಾದರೆ ಸುಮ್ಮನಿದ್ದು, ಆ ಬದಿಯ ಗುರುತನ್ನು 1ಕ್ಕೆ ಮರಳಿಸಿ.
6. ಗುಂಡಿಗಳು: ಒಂದು ಮುಂದಿನ ಹಾಡಿಗೆ, ಒಂದು ಹಿಂದಿನದಕ್ಕೆ.

ನಾಲ್ಕನೇ ಅಂಶದ ‘3 ಸಲ’ಕ್ಕೆ ಕಾರಣ ತಿಳಿದಿರಲಿ. ಲೈಬ್ರರಿಯ ‘ಹೊಸ ಕಾರ್ಡ್ ಇದೆಯೇ’ ಎಂಬ ಪ್ರಶ್ನೆಗೆ, ಆಗಲೇ ಓದಿ ಎಚ್ಚರವಾಗಿರುವ ಸ್ಟಿಕ್ಕರ್ ಉತ್ತರಿಸುವುದಿಲ್ಲ. ಆ ಪ್ರಶ್ನೆಯಿಂದ ಗಲಿಬಿಲಿಗೊಂಡು ಮೊದಲ ಸ್ಥಿತಿಗೆ ಮರಳುತ್ತದೆ, ಮುಂದಿನ ಪ್ರಶ್ನೆಗೆ ಉತ್ತರಿಸುತ್ತದೆ. ಹಾಗಾಗಿ ಡಬ್ಬಿ ಅಲ್ಲಾಡದೆ ಕೂತಿದ್ದರೂ ಇದೆ, ಇಲ್ಲ, ಇದೆ, ಇಲ್ಲ ಎಂದು ತೋರುತ್ತದೆ. ಸರಿಯಾದ ದಾರಿ ಎಂದರೆ ಓದಿದ ಮೇಲೆ ಹಾಲ್ಟ್ ಆದೇಶ ಕೊಟ್ಟು ಮಲಗಿಸಿ, ಮುಂದಿನ ಸಲದಿಂದ ವೇಕಪ್ ಆದೇಶದಿಂದ ಎಬ್ಬಿಸಿ ನೋಡುವುದು. ಮೂರು ಸಲದ ತಾಳ್ಮೆ ಅದರ ಮೇಲಿನ ರಕ್ಷಣೆ. ಮುಕ್ಕಾಲು ಸೆಕೆಂಡ್ ತಡವಾಗಿ ಹಾಡು ನಿಲ್ಲುತ್ತದೆ, ಕಿವಿಗೆ ಅದು ಸಹಜವೆನಿಸುತ್ತದೆ.

ಬ್ಯುಸಿ ಪಿನ್ನಿಗೂ ಎರಡು ಕಟ್ಟುಪಾಡು. ಹಾಡು ಎಂದು ಹೇಳಿದ ತಕ್ಷಣ ಅದು ಕೆಳಗಿಳಿಯುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪ್ರತಿ ಆದೇಶದ ನಂತರ 1 ಸೆಕೆಂಡ್ ಅದನ್ನು ನೋಡಬೇಡಿ, ಇಲ್ಲವಾದರೆ ಒಂದರ ಹಿಂದೆ ಒಂದು ಹಾಡು ಹಾರಿಹೋಗುತ್ತದೆ. ನೀವೇ ನಿಲ್ಲಿಸಿದಾಗಲೂ ಪಿನ್ ಮೇಲೇರುತ್ತದೆ, ಅದನ್ನು ಹಾಡು ಮುಗಿದಂತೆ ಎಣಿಸಬಾರದು. ಡಿಎಫ್‌ಪ್ಲೇಯರ್ ತಾನೇ ಕಳಿಸುವ ‘ಮುಗಿಯಿತು’ ಸಂದೇಶವನ್ನು ನಂಬದಿರಿ. ಕೆಲವು ನಕಲುಗಳು ಅದನ್ನು ಎರಡೆರಡು ಸಲ ಕಳಿಸುತ್ತವೆ.

ಒಂದು ಮಿತಿ ಇದೆ: ಹಾಡಿನ ನಡುವಿನ ನಿಮಿಷಕ್ಕೆ ಹಾರಲು ಡಿಎಫ್‌ಪ್ಲೇಯರಿಗೆ ಬರುವುದಿಲ್ಲ. ಬೇರೊಂದು ಡಬ್ಬಿ ಕೇಳಿ ಮರಳಿದರೆ ಹಾಡಿನ ಮೊದಲಿನಿಂದಲೇ ಶುರು. ಇಡೀ ಬದಿ ಒಂದೇ ಫೈಲ್ ಆಗಿರುವ ತಾಳಮದ್ದಳೆಗೆ ಇದು ತೊಡಕು. ಅಂಥವನ್ನು ಭಾಗವತರ ಪದ್ಯ ಶುರುವಾಗುವ ಜಾಗಗಳಲ್ಲಿ 8–10 ನಿಮಿಷಕ್ಕೊಂದು ತುಂಡಾಗಿಸಬಹುದು. ಆದರೆ ತುಂಡುಗಳ ನಡುವೆ ಕ್ಷಣಕಾಲದ ಮೌನ ಬರುತ್ತದೆ. ಎರಡರಲ್ಲಿ ಯಾವುದು ಸಹ್ಯವೋ ನೀವೇ ಆರಿಸಿಕೊಳ್ಳಬೇಕು.

ಹಂತ 6: ಪೆಟ್ಟಿಗೆ

9 ಮಿ.ಮೀ. ಪ್ಲೈವುಡ್. ಹೊರ ಅಳತೆ 340 ಅಗಲ, 130 ಎತ್ತರ, 150 ಆಳ, ಎಲ್ಲ ಮಿ.ಮೀ. ಒಳಗೆ ಎರಡು ಅಡ್ಡಗೋಡೆ ಹಾಕಿ ಎಡಬಲಕ್ಕೆ 90 ಮಿ.ಮೀ. ಅಗಲದ ಸ್ಪೀಕರ್ ಕೋಣೆ ಮಾಡಿದರೆ ತಲಾ 1.3 ಲೀಟರ್ ಗಾಳಿ ಸಿಗುತ್ತದೆ, ನಡುವೆ 124 ಮಿ.ಮೀ. ಎಲೆಕ್ಟ್ರಾನಿಕ್ಸ್‌ಗೆ. ಸ್ಪೀಕರ್ ಕೋಣೆಗಳಲ್ಲಿ ಗಾಳಿ ಸೋರಬಾರದು: ಮೂಲೆಗಳಿಗೆ ಮರದ ಅಂಟು, ವೈರಿನ ತೂತಿಗೆ ಸಿಲಿಕೋನ್, ಒಳಗೆ ಹಳೆ ದಿಂಬಿನ ಹತ್ತಿ ಹಗುರವಾಗಿ. ಸೋರಿದರೆ ಮೃದಂಗದ ಎಡಗೈಯ ನಾದ ಬಡಕಲಾಗುತ್ತದೆ.

ಮೇಲ್ಭಾಗವನ್ನು 3 ಮಿ.ಮೀ. ಪ್ಲೈ ಹಾಳೆಯಿಂದ ಮುಚ್ಚಿ, ಅದರ ಮೇಲೆ 112 × 73 ಮಿ.ಮೀ. ಕಿಟಕಿ ಕೊರೆದ 6 ಮಿ.ಮೀ. ಹಲಗೆ ಅಂಟಿಸಿ, ಡಬ್ಬಿಯ ಕುಳಿ ಸಿದ್ಧ. ಎತ್ತಲು ಬೆರಳಿಗೆ ಅನುವಾಗುವಂತೆ ಮುಂದಿನ ಅಂಚನ್ನು ಅರ್ಧಚಂದ್ರವಾಗಿ ತೋಡಿ. ರೀಡರನ್ನು 3 ಮಿ.ಮೀ. ಹಾಳೆಯ ಅಡಿಗೆ ಒತ್ತಿಕೊಂಡಂತೆ ಕೂರಿಸಿ. ಅದರ ಚೌಕ ಸುರುಳಿಯ ನಡುಬಿಂದು ಕುಳಿಯ ಎಡ ಅಂಚಿನಿಂದ ಸುಮಾರು 18–20 ಮಿ.ಮೀ., ಮುಂದಿನ ಅಂಚಿನಿಂದ 36 ಮಿ.ಮೀ. ಇರಲಿ. ಹಿಡಿಸಲು ಪ್ಲಾಸ್ಟಿಕ್ ಸ್ಕ್ರೂ ಅಥವಾ ಬಿಸಿ ಅಂಟು. ಲೋಹದ ತಗಡು, ಮೊಳೆ ಏನೂ ಆ ಸುತ್ತ ಬೇಡ. ರೀಡರಿನ ಕ್ಷೇತ್ರ ಲೋಹದಲ್ಲಿ ಸುಳಿವಿದ್ಯುತ್ ಎಬ್ಬಿಸಿ ತನ್ನ ಬಲವನ್ನೆಲ್ಲ ಅಲ್ಲೇ ಕಳೆದುಕೊಳ್ಳುತ್ತದೆ.

ಗುಂಡಿಗಳ ವಿಷಯದಲ್ಲಿ ಜಿಪುಣತನ ಬೇಡ. ದಿನಾ ಕೈ ತಾಗುವುದು ಅಲ್ಲಿಗೇ. ತೆಳ್ಳನೆಯ ಟಿಕ್ ಸ್ವಿಚ್ಚಿಗಿಂತ ಮೆಕ್ಯಾನಿಕಲ್ ಕೀಬೋರ್ಡಿನ ಕೀಲಿ ಎಷ್ಟೋ ಮೇಲು, ಕೆಟ್ಟ ಟೇಪ್ ರೆಕಾರ್ಡರಿನ ಕೀಲಿ ಸಿಕ್ಕರೆ ಇನ್ನೂ ಒಳ್ಳೆಯದು. ವಾಲ್ಯೂಮಿಗೆ ಹಳೆ ರೇಡಿಯೋದ ತೂಕದ ಗುಂಡಿ ಹಾಕಿ. ಕಡ್ಡಿಯ ವ್ಯಾಸ 6 ಮಿ.ಮೀ. ಇದೆಯೇ ಎಂದು ಮೊದಲು ಅಳೆಯಿರಿ.

ಕೈಕೊಟ್ಟಾಗ

*ರೀಡರ್ ಏನನ್ನೂ ಓದುತ್ತಿಲ್ಲ.* ಲೈಬ್ರರಿಯ ಉದಾಹರಣೆಯಿಂದ ಚಿಪ್ಪಿನ ಆವೃತ್ತಿ ಸಂಖ್ಯೆ ನೋಡಿ. ಹದಿನಾರರ ಎಣಿಕೆಯಲ್ಲಿ 91 ಅಥವಾ 92 ಬಂದರೆ ಸರಿ. 88 ಬಂದರೆ ನಕಲು ಚಿಪ್, ಆದರೂ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. 00 ಅಥವಾ ಎಫ್‌ಎಫ್ ಬಂದರೆ ತಂತಿಯ ದೋಷ. ಈ ಬೋರ್ಡಿನ ಪಿನ್ನುಗಳನ್ನು ನಾವೇ ಬೆಸೆಯಬೇಕು. ನೂರಕ್ಕೆ ತೊಂಬತ್ತು ಸಲ ತಪ್ಪು ಇರುವುದು ಆ ಎಂಟು ಬೆಸುಗೆಗಳಲ್ಲಿ. ಮಂಕಾಗಿ ಗೋಲಿಯಂತೆ ನಿಂತ ಬೆಸುಗೆಯನ್ನು ಫ್ಲಕ್ಸ್ ಹಚ್ಚಿ ಮತ್ತೆ ಕರಗಿಸಿ.

*ಹಾಡಿನೊಳಗೆ ಸೆಕೆಂಡಿಗೆ ನಾಲ್ಕು ಸಲ ಟಿಕ್ ಟಿಕ್.* ರೀಡರ್ ಸ್ಟಿಕ್ಕರನ್ನು ವಿಚಾರಿಸುವ ಸದ್ದು ಆಡಿಯೋ ತಂತಿಗೆ ನುಸುಳುತ್ತಿದೆ. ಡಿಎಸಿ ತಂತಿಗಳನ್ನು ಮೊಟಕಾಗಿಸಿ, ರೀಡರಿನಿಂದ 10 ಸೆಂ.ಮೀ. ದೂರ ಒಯ್ಯಿರಿ. ನಿಲ್ಲದಿದ್ದರೆ ಹಾಡುವಾಗ ವಿಚಾರಣೆಯ ಅಂತರವನ್ನು 500 ಮಿಲಿಸೆಕೆಂಡಿಗೆ ಹೆಚ್ಚಿಸಿ.

*ಜೋರಾಗಿಟ್ಟರೆ ಎಲ್ಲವೂ ಸತ್ತು ಮತ್ತೆ ಶುರುವಾಗುತ್ತದೆ.* ಅಡಾಪ್ಟರ್ ದುರ್ಬಲ ಅಥವಾ ಅದರ ವೈರ್ ತೆಳು. ಹಾಡುವಾಗಲೇ ಇಎಸ್‌ಪಿ32ರ ವಿನ್ ಬಳಿ ಮಲ್ಟಿಮೀಟರ್ ಹಿಡಿಯಿರಿ, 4.7 ವೋಲ್ಟಿಗಿಂತ ಕೆಳಗೆ ಕುಸಿಯುತ್ತಿದ್ದರೆ ಬೇರೆ ಅಡಾಪ್ಟರ್ ಬೇಕು.

*ಸ್ವಿಚ್ ಹಾಕಿದಾಗ ಟಪ್ ಎಂಬ ಏಟು.* ಡಿಎಫ್‌ಪ್ಲೇಯರ್ ಎಚ್ಚರಗೊಳ್ಳುವ ಸದ್ದು. ಗೋಡೆಯ ಸ್ವಿಚ್ ಮೊದಲು, ಎರಡು ಸೆಕೆಂಡಿನ ಮೇಲೆ ವಾಲ್ಯೂಮ್ ಗುಂಡಿಯ ಸ್ವಿಚ್. ಆರಿಸುವಾಗ ಇದರ ಹಿಂದುಮುಂದು.

*ಡಿಎಫ್‌ಪ್ಲೇಯರ್ ಸಿಗಲಿಲ್ಲ ಎಂದು ಪ್ರೋಗ್ರಾಂ ನಿಲ್ಲುತ್ತದೆ, ಕಾರ್ಡ್ ಸರಿಯಿದೆ.* ನಕಲು ಚಿಪ್ ಉತ್ತರ ಕೊಡುತ್ತಿಲ್ಲ. ಶುರು ಮಾಡುವ ಆದೇಶದಲ್ಲಿ ‘ಸ್ವೀಕೃತಿ ಬೇಕು’ ಎಂಬ ಆಯ್ಕೆಯನ್ನು ಇಲ್ಲ ಎಂದು ಬದಲಿಸಿ. ಅದಕ್ಕೂ ಮುನ್ನ ಆರ್‌ಎಕ್ಸ್, ಟಿಎಕ್ಸ್ ಅದಲುಬದಲಾಗಿದೆಯೇ ನೋಡಿ.

*ಎ ಬದಿ ಇಟ್ಟರೆ ಬಿ ಹಾಡುತ್ತದೆ.* ಡಬ್ಬಿಯ ಬೆನ್ನು ನಿಮ್ಮ ಕಡೆಗಿಲ್ಲ. ಮನೆಯವರೆಲ್ಲ ಬಳಸುವುದಾದರೆ ಕುಳಿಯ ಮುಂದಿನ ಅಂಚಿಗೆ ಬಣ್ಣದ ಗೀಟು ಎಳೆಯಿರಿ.

ಪ್ರತಿ ತೆಗೆದಾಯಿತೆಂದು ಮೂಲ ಟೇಪನ್ನು ಮಾತ್ರ ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಡೆಕ್ ಕೈಗೆ ಸಿಕ್ಕರೆ ಮತ್ತೊಮ್ಮೆ ಪ್ರತಿ ತೆಗೆಯಬಹುದು. ಒಂದು ಬದಿಯ ಕೊನೆಯ ತನಕ ಸುತ್ತಿ, ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸಿಡಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ; ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಅದನ್ನು ತಿಂಗಳಿಗೊಮ್ಮೆ ಬದಲಿಸಿ. ಹೊಸ ಪೆಟ್ಟಿಗೆಯ ಸ್ಪೀಕರಿನಲ್ಲಿ ಅಯಸ್ಕಾಂತ ಇರುವುದರಿಂದ ಕ್ಯಾಸೆಟ್ ಸಾಲು ಅದರಿಂದ ಒಂದಡಿಯಾದರೂ ದೂರವಿರಲಿ, ಕೇಳಿ ಮುಗಿದ ಡಬ್ಬಿಯನ್ನು ಪೆಟ್ಟಿಗೆಯ ಮೇಲೆ ಬಿಡದೆ ಅದರ ಜಾಗಕ್ಕೆ ಇಟ್ಟುಬಿಡಿ.